ಉಬ್ಬು, ತಗ್ಗು ಮತ್ತು ಕಾರಿನ ಹೊಟ್ಟೆ: ನೆಲದಂತರದ ಭೌತವಿಜ್ಞಾನ

ಚಾಮರಾಜನಗರದಿಂದ ತೆರಕಣಾಂಬಿ ಮಾರ್ಗವಾಗಿ ಗುಂಡ್ಲುಪೇಟೆಗೆ ಕಾರಿನಲ್ಲಿ ಹೊರಟಿದ್ದೀರಿ ಎಂದುಕೊಳ್ಳಿ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಎರಡು ಚೀಲ. ಊರೊಂದು ಬರುತ್ತದೆ, ರಸ್ತೆಗೆ ಅಡ್ಡಲಾಗಿ ಒಂದು ಉಬ್ಬು. ಮುಂದಿನ ಗಾಲಿಗಳು ಏರಿ ಇಳಿಯುತ್ತವೆ. ಮರುಕ್ಷಣ ಕಾಲಡಿಯಿಂದ 'ಕರ್ರ್' ಎಂಬ ಸದ್ದು. ಕಾರಿನ ಹೊಟ್ಟೆ ನೆಲಕ್ಕೆ ಉಜ್ಜಿತು. ಆಗ ನಾವೆಲ್ಲ ಒಂದೇ ಮಾತು ಹೇಳುತ್ತೇವೆ: "ಅವೈಜ್ಞಾನಿಕ ಹಂಪ್ಸ್!"

ಪತ್ರಿಕೆಗಳಲ್ಲಿಯೂ ಈ ಮಾತು ಎಷ್ಟೋ ಸಲ ಅಚ್ಚಾಗಿದೆ. ಹಾಗಾದರೆ 'ವೈಜ್ಞಾನಿಕ' ಹಂಪ್ಸ್ ಎಂದರೆ ಯಾವುದು? ಈ ಪ್ರಶ್ನೆಗೆ ಇನ್ನೊಂದು ಮುಖವೂ ಇದೆ. ಕೆಲವು ತರುಣರು ಹೊಸ ಕಾರು ಕೊಂಡ ಕೂಡಲೇ ಸ್ಪ್ರಿಂಗ್ ಬದಲಿಸಿ ಅಥವಾ ಕತ್ತರಿಸಿ ಕಾರನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸುತ್ತಾರೆ. ಹಾಗೆ ತಗ್ಗಿಸಿದ ಕಾರು ಉಬ್ಬಿಗೆ ಉಜ್ಜಿದರೆ ತಪ್ಪು ಉಬ್ಬಿನದೋ ಕಾರಿನದೋ? ತೀರ್ಪು ಹೇಳುವ ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಪ್ರೌಢಶಾಲೆಯ ರೇಖಾಗಣಿತ ಮತ್ತು ಚಲನೆಯ ನಿಯಮಗಳೇ ಇದಕ್ಕೆ ಸಾಕು.

ನೆಲದಂತರ ಎಂದರೇನು?

ಸಮತಟ್ಟಾದ ನೆಲದ ಮೇಲೆ ನಿಂತ ವಾಹನದಲ್ಲಿ, ಗಾಲಿ ಮತ್ತು ಅದರೊಂದಿಗೆ ಸುತ್ತುವ ಭಾಗಗಳನ್ನು ಬಿಟ್ಟು, ಅತ್ಯಂತ ಕೆಳಗಿರುವ ಭಾಗಕ್ಕೂ ನೆಲಕ್ಕೂ ಇರುವ ದೂರವೇ 'ಗ್ರೌಂಡ್ ಕ್ಲಿಯರೆನ್ಸ್'. ಇದನ್ನು ನಾವು ನೆಲದಂತರ ಎಂದು ಕರೆಯೋಣ. ಅತ್ಯಂತ ಕೆಳಗಿರುವ ಭಾಗ ಬಹಳ ಕಾರುಗಳಲ್ಲಿ ಎಂಜಿನ್ನಿನ ಆಯಿಲ್ ಸಂಪ್ ಅಥವಾ ಹೊಗೆ ಕೊಳವೆಯಾಗಿರುತ್ತದೆ. ನಮ್ಮಲ್ಲಿ ಮಾರಾಟವಾಗುವ ಸಣ್ಣ ಕಾರುಗಳಲ್ಲಿ ಈ ಅಂತರ ಸಾಮಾನ್ಯವಾಗಿ 160ರಿಂದ 180 ಮಿ.ಮೀ. ಈ ಲೇಖನದ ಲೆಕ್ಕಗಳಿಗೆ 170 ಮಿ.ಮೀ. ಎಂದಿಟ್ಟುಕೊಳ್ಳೋಣ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಸಂಖ್ಯೆ ಖಾಲಿ ಕಾರಿನದೋ, ಜನ ಕುಳಿತ ಕಾರಿನದೋ? ಪ್ರಶ್ನೆ ಸಣ್ಣದೆನಿಸಬಹುದು, ಆದರೆ ದೇಶದ ತೆರಿಗೆ ವ್ಯವಸ್ಥೆಯೇ ಒಮ್ಮೆ ಇದಕ್ಕೆ ಉತ್ತರ ಹೇಳಬೇಕಾಯಿತು. ಉದ್ದ 4 ಮೀಟರಿಗಿಂತ ಹೆಚ್ಚು, ಎಂಜಿನ್ 1500 ಸಿ.ಸಿ.ಗಿಂತ ದೊಡ್ಡದು, ನೆಲದಂತರ 170 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಇರುವ ವಾಹನಗಳಿಗೆ ಕೆಲವು ವರ್ಷ ಹೆಚ್ಚಿನ ದರದ ತೆರಿಗೆ ಇತ್ತು. ಈ 170 ಮಿ.ಮೀ.ಯನ್ನು ಹೊರೆಯಿಲ್ಲದ ಸ್ಥಿತಿಯಲ್ಲಿ ಅಳೆಯಬೇಕೆಂದು ಜಿ.ಎಸ್.ಟಿ. ಮಂಡಳಿ 2023ರ ಜುಲೈನಲ್ಲಿ ಸ್ಪಷ್ಟಪಡಿಸಿತು.

ಹೊರೆಯಿಂದ ಎಷ್ಟು ವ್ಯತ್ಯಾಸವಾಗುತ್ತದೆ? ಕಾರಿನ ರಾಶಿ 1000 ಕಿ.ಗ್ರಾಂ. ಇರಲಿ. ಕಾರಿನ ಒಡಲು ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಸುಮಾರು 1.3 ಸಲ ತೂಗುವಂತೆ ಮಾಡಿದರೆ ಪ್ರಯಾಣ ಹಿತವಾಗಿರುತ್ತದೆ. ಈ ಕಂಪನ ದರ ಬರಬೇಕಾದರೆ ಕಾರಿನ ಸ್ವಂತ ಭಾರಕ್ಕೆ ಸ್ಪ್ರಿಂಗುಗಳು ಸುಮಾರು 147 ಮಿ.ಮೀ. ಕುಗ್ಗಿರಬೇಕು. ಹುಕ್‌ನ ನಿಯಮದ ಪ್ರಕಾರ ಕುಗ್ಗುವಿಕೆ ಹೊರೆಗೆ ಅನುಪಾತದಲ್ಲಿರುತ್ತದೆ. ಜನ, ಸಾಮಾನು ಸೇರಿ 300 ಕಿ.ಗ್ರಾಂ. ಹೇರಿದರೆ ಕಾರು ಇನ್ನೂ 147ರ ಹತ್ತನೇ ಮೂರು ಪಾಲು, ಅಂದರೆ 44 ಮಿ.ಮೀ. ಕುಸಿಯುತ್ತದೆ. ಮಾರಾಟದ ಪುಸ್ತಿಕೆಯ 170 ಮಿ.ಮೀ. ಸಂಸಾರಸಮೇತ ಹೊರಟಾಗ 126 ಮಿ.ಮೀ. ಆಗಿರುತ್ತದೆ. ಈ 126ನ್ನು ನೆನಪಿಟ್ಟುಕೊಳ್ಳಿ.

ವೈಜ್ಞಾನಿಕ ಉಬ್ಬು

ರಸ್ತೆ ಉಬ್ಬಿಗೂ ಒಂದು ವಿನ್ಯಾಸವಿದೆ ಎಂಬುದು ಹಲವರಿಗೆ ತಿಳಿಯದು. ಇಂಗ್ಲೆಂಡಿನ ಸಾರಿಗೆ ಮತ್ತು ರಸ್ತೆ ಸಂಶೋಧನಾಲಯದಲ್ಲಿ ವಾಟ್ಸ್ ಎಂಬ ಸಂಶೋಧಕ 1973ರಲ್ಲಿ ಬೇರೆ ಬೇರೆ ಆಕಾರದ ಉಬ್ಬುಗಳನ್ನು ಪರೀಕ್ಷಿಸಿದ. ವೃತ್ತದ ಕಂಸದ ಆಕಾರದ, 12 ಅಡಿ ಅಗಲದ ಉಬ್ಬು ಆ ಕೆಲಸದ ಫಲ. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಪ್ರಕಟಿಸಿದ 99ನೇ ಸಂಖ್ಯೆಯ ಮಾರ್ಗಸೂಚಿಯೂ ಅಂಥದೇ ಉಬ್ಬನ್ನು ಹೇಳಿತು: ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂ.ಮೀ., ಕಂಸದ ತ್ರಿಜ್ಯ 17 ಮೀಟರ್. ದಾಟುವ ವೇಗ ಗಂಟೆಗೆ 25 ಕಿ.ಮೀ. ಈ ಮಾರ್ಗಸೂಚಿ 2018ರಲ್ಲಿ ಪರಿಷ್ಕರಣೆಗೊಂಡಿತು.

ಈ ಮೂರು ಸಂಖ್ಯೆಗಳು ಮನಸ್ಸಿಗೆ ಬಂದಂತೆ ಆರಿಸಿದವಲ್ಲ. ವೃತ್ತದಲ್ಲಿ ಜ್ಯಾ ಎಳೆದಾಗ ಅದರ ಮೇಲೆ ಕಂಸ ಎಷ್ಟು ಉಬ್ಬಿರುತ್ತದೆ ಎಂಬುದಕ್ಕೆ ಒಂದು ಸುಲಭ ಸೂತ್ರವಿದೆ:

ಉಬ್ಬಿನ ಎತ್ತರ = (ಜ್ಯಾ × ಜ್ಯಾ) ÷ (8 × ತ್ರಿಜ್ಯ)

ಜ್ಯಾ 3.7, ತ್ರಿಜ್ಯ 17 ಎಂದು ಹಾಕಿ ನೋಡಿ. 13.69ನ್ನು 136ರಿಂದ ಭಾಗಿಸಿದರೆ 0.1 ಮೀಟರ್, ಅಂದರೆ 10 ಸೆಂ.ಮೀ. ಸರಿಯಾಗಿ ಬರುತ್ತದೆ.

ಈಗ ಇದೇ ಸೂತ್ರವನ್ನು ಕಾರಿಗೆ ಅನ್ವಯಿಸೋಣ. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ದೂರವನ್ನು ಗಾಲಿಯಂತರ ಎನ್ನೋಣ. ಸಣ್ಣ ಕಾರಿನಲ್ಲಿ ಇದು ಸುಮಾರು 2.4 ಮೀಟರ್. ಉಬ್ಬಿನ ಅಗಲ 3.7 ಮೀಟರ್ ಆದ್ದರಿಂದ ಕಾರು ಅದರ ನಡುವೆ ಇರುವಾಗ ನಾಲ್ಕೂ ಗಾಲಿಗಳು ಉಬ್ಬಿನ ಮೇಲೆಯೇ ಇರುತ್ತವೆ. ಗಾಲಿಗಳ ನಡುವಿನ ನೇರ ಗೆರೆ ಒಂದು ಜ್ಯಾ ಆಯಿತು. ಅದರ ಮೇಲೆ ರಸ್ತೆ ಉಬ್ಬಿರುವುದು 5.76 ಭಾಗಿಸು 136, ಅಂದರೆ ಕೇವಲ 42 ಮಿ.ಮೀ. ಉಬ್ಬಿನ ಎತ್ತರ 100 ಮಿ.ಮೀ. ಇದ್ದರೂ ಕಾರಿನ ಹೊಟ್ಟೆಗೆ ಅದು 42 ಮಿ.ಮೀ. ಮಾತ್ರ! ಹೊರೆ ತುಂಬಿದ ನಮ್ಮ ಕಾರಿನ 126 ಮಿ.ಮೀ.ಯಲ್ಲಿ ಇನ್ನೂ 84 ಮಿ.ಮೀ. ಉಳಿಯುತ್ತದೆ.

ಗಾಲಿಯಂತರದ ವರ್ಗಕ್ಕೆ ತಕ್ಕಂತೆ ಈ ಸಂಖ್ಯೆ ಏರುತ್ತದೆ. 2.85 ಮೀಟರ್ ಗಾಲಿಯಂತರದ ಉದ್ದ ಕಾರಿಗೆ ಅದು 60 ಮಿ.ಮೀ. ಹೀಗಾಗಿ ಒಂದೇ ನೆಲದಂತರವಿರುವ ಎರಡು ಕಾರುಗಳಲ್ಲಿ ಉದ್ದ ಕಾರು ಮೊದಲು ಉಜ್ಜುತ್ತದೆ.

ಎತ್ತರವಲ್ಲ, ಅಗಲ

ಈಗ ನಮ್ಮ ಊರುಗಳಲ್ಲಿ ರಾತ್ರೋರಾತ್ರಿ ಏಳುವ ಉಬ್ಬುಗಳನ್ನು ನೋಡೋಣ. ಅಪಘಾತವಾದ ಮರುದಿನ, ಜನರ ಒತ್ತಾಯಕ್ಕೆ, ಉಳಿದ ಜಲ್ಲಿ ಡಾಂಬರಿನಿಂದ ಕಟ್ಟಿದ ಉಬ್ಬಿನ ಎತ್ತರ ಅದೇ 10 ಸೆಂ.ಮೀ. ಇರಲಿ, ಅಗಲ ಮಾತ್ರ 1.5 ಮೀಟರ್. ಈಗ ಇಡೀ ಉಬ್ಬು ಗಾಲಿಯಂತರದೊಳಗೆ ಅಡಗುತ್ತದೆ. ಮುಂದಿನ ಗಾಲಿಗಳು ದಾಟಿ ಸಮನೆಲಕ್ಕೆ ಇಳಿದಿವೆ, ಹಿಂದಿನವು ಇನ್ನೂ ಏರಿಲ್ಲ, ಉಬ್ಬು ಪೂರ್ತಿಯಾಗಿ ಕಾರಿನ ಹೊಟ್ಟೆಯ ಕೆಳಗಿದೆ. ಬೇಕಾದ ಅಂತರ 42 ಅಲ್ಲ, ಪೂರಾ 100 ಮಿ.ಮೀ. ಎತ್ತರವನ್ನು ಒಂದು ಕೂದಲೆಳೆಯಷ್ಟೂ ಹೆಚ್ಚಿಸದೆ, ಅಗಲವನ್ನು ಕಡಿಮೆ ಮಾಡಿದ್ದರಿಂದಲೇ ಉಬ್ಬು ಕಾರಿಗೆ ಎರಡೂಕಾಲು ಪಟ್ಟಿಗಿಂತ ಹೆಚ್ಚು ಎತ್ತರವಾಯಿತು.

ಉಬ್ಬು 20 ಸೆಂ.ಮೀ. ಎತ್ತರ, 1 ಮೀಟರ್ ಅಗಲವಿದ್ದರೆ ಬೇಕಾದ ಅಂತರ 200 ಮಿ.ಮೀ. ಆಗ ಖಾಲಿ ಕಾರೂ ಉಜ್ಜುತ್ತದೆ. ಹಾಗೆ ಉಜ್ಜಿದಾಗ ದೋಷ ಕಾರಿನದಲ್ಲ.

ವೇಗದ ಲೆಕ್ಕ

ಉಬ್ಬಿನ ತ್ರಿಜ್ಯಕ್ಕೆ ಇನ್ನೊಂದು ಕೆಲಸವೂ ಇದೆ. ಕಂಸದ ಮೇಲೆ ಸಾಗುವ ವಾಹನಕ್ಕೆ ಕೇಂದ್ರದ ಕಡೆಗೆ, ಅಂದರೆ ಕೆಳಕ್ಕೆ, ವೇಗೋತ್ಕರ್ಷ ಬೇಕು. ಅದರ ಬೆಲೆ ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಸ್ಪ್ರಿಂಗನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಸ್ಥೂಲವಾಗಿ ನೋಡಿದರೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಇದು ಗುರುತ್ವ ವೇಗೋತ್ಕರ್ಷದ ಶೇಕಡ 29. ಸೀಟಿನಲ್ಲಿ ಕುಳಿತವರು ಒಂದು ಗಳಿಗೆ ಹಗುರಾದಂತೆ ಅನುಭವಿಸುತ್ತಾರೆ, ಅಷ್ಟೇ. 40 ಕಿ.ಮೀ. ವೇಗದಲ್ಲಿ ಶೇಕಡ 74, ಹೊಟ್ಟೆ ತೊಳಸಿದಂತಾಗುತ್ತದೆ. ಗಂಟೆಗೆ ಸುಮಾರು 46 ಕಿ.ಮೀ. ತಲುಪಿದರೆ ಅದು ಗುರುತ್ವ ವೇಗೋತ್ಕರ್ಷಕ್ಕೆ ಸಮವಾಗಿ ಗಾಲಿ ನೆಲ ಬಿಡತೊಡಗುತ್ತದೆ. ನಿಧಾನವಾಗಿ ಹೋಗುವವರನ್ನು ನೋಯಿಸದೆ ಅವಸರದವರನ್ನು ಮಾತ್ರ ಎಚ್ಚರಿಸುವುದು ವೈಜ್ಞಾನಿಕ ಉಬ್ಬಿನ ಗುಣ.

1 ಮೀಟರ್ ಅಗಲ, 20 ಸೆಂ.ಮೀ. ಎತ್ತರದ ಉಬ್ಬಿನ ತ್ರಿಜ್ಯ ಎಷ್ಟು? ಬರೀ 72 ಸೆಂ.ಮೀ. ಇದು ಅವಸರದವರನ್ನೂ ನಿಧಾನವಾಗಿ ಬರುವವರನ್ನೂ ಭೇದವಿಲ್ಲದೆ ಎತ್ತಿ ಕುಕ್ಕುತ್ತದೆ. ಬೈಕಿನ ಹಿಂದೆ ಒಂದೇ ಬದಿಗೆ ಕಾಲಿಟ್ಟು ಕುಳಿತ ಮಹಿಳೆ, ಆಂಬುಲೆನ್ಸಿನಲ್ಲಿ ಮಲಗಿದ ಬಸುರಿ, ಬೆನ್ನುಮೂಳೆ ಪೆಟ್ಟಾದ ರೋಗಿ, ಇವರ ದೃಷ್ಟಿಯಿಂದ ಯೋಚಿಸಿದರೆ 'ಅವೈಜ್ಞಾನಿಕ' ಎಂಬ ಮಾತಿನ ತೂಕ ತಿಳಿಯುತ್ತದೆ.

ಗುಂಡ್ಲುಪೇಟೆಯಿಂದ ಮುಂದೆ ಕೋಯಿಕ್ಕೋಡಿಗೂ ಊಟಿಗೂ ಹೋಗುವ ಎರಡು ಹೆದ್ದಾರಿಗಳು ಬಂಡೀಪುರದ ಕಾಡನ್ನು ಹಾಯುತ್ತವೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನ ಸಂಚಾರ ನಿಷಿದ್ಧ. ಹಗಲಿನಲ್ಲಿ ಜಿಂಕೆ, ಆನೆಗಳು ರಸ್ತೆ ದಾಟುವಾಗ ವಾಹನಗಳ ವೇಗ ಕಡಿಮೆಯಿರಲೆಂದು ಉಬ್ಬುಗಳನ್ನು ಹಾಕಿದ್ದಾರೆ. ಆ ಉಬ್ಬುಗಳನ್ನು ಶಪಿಸುವಂತಿಲ್ಲ. ಅಲ್ಲಿ ನಾವೇ ಅತಿಥಿಗಳು.

ತಗ್ಗಿಸಿದರೆ ಲಾಭವೇನು?

ಈಗ ಕಾರಿನ ಸರದಿ. ಕಾರನ್ನು ತಗ್ಗಿಸುವವರ ವಾದ ಪೂರ್ತಿ ಹುರುಳಿಲ್ಲದ್ದಲ್ಲ. ಗುರುತ್ವ ಕೇಂದ್ರ ಕೆಳಗಿಳಿದರೆ ವಾಹನದ ಸ್ಥಿರತೆ ಹೆಚ್ಚುತ್ತದೆ. ಎಡ ಬಲ ಗಾಲಿಗಳ ನಡುವೆ 1.4 ಮೀಟರ್, ಗುರುತ್ವ ಕೇಂದ್ರದ ಎತ್ತರ 55 ಸೆಂ.ಮೀ. ಇರುವ ಕಾರು ತಿರುವಿನಲ್ಲಿ ಮಗುಚಬೇಕಾದರೆ ಪಕ್ಕದ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷದ 1.27 ಪಟ್ಟು ಆಗಬೇಕು. ಕಾರನ್ನು 60 ಮಿ.ಮೀ. ತಗ್ಗಿಸಿದಾಗ ಗುರುತ್ವ ಕೇಂದ್ರ ಸುಮಾರು 50 ಸೆಂ.ಮೀ.ಗೆ ಇಳಿದು ಈ ಸಂಖ್ಯೆ 1.4 ಆಗುತ್ತದೆ.

ಲಾಭ ಕಾಗದದ ಮೇಲೆ ಸರಿ. ಆದರೆ ಒಣ ಡಾಂಬರು ರಸ್ತೆಯ ಮೇಲೆ ಟೈರಿನ ಘರ್ಷಣಾಂಕ ಸುಮಾರು 0.7ರಿಂದ 0.8. ಅಂದರೆ ಮಗುಚುವ ಹಂತ ತಲುಪುವ ಎಷ್ಟೋ ಮೊದಲೇ ಸಾಧಾರಣ ಕಾರು ಪಕ್ಕಕ್ಕೆ ಜಾರಿಬಿಡುತ್ತದೆ. ಬಳಕೆಗೆ ಬಾರದ ಭದ್ರತೆಯನ್ನು ಹೆಚ್ಚಿಸಿಕೊಂಡಂತಾಯಿತು. ತಿರುವಿನಲ್ಲಿ ಒಳಗಾಲಿಯಿಂದ ಹೊರಗಾಲಿಗೆ ವರ್ಗವಾಗುವ ಭಾರ ಶೇಕಡ 9ರಷ್ಟು ತಗ್ಗುವುದು ನಿಜ. ಓಟದ ಪಂದ್ಯದಲ್ಲಿ ಅದು ಗೆಲುವು ಸೋಲಿನ ವ್ಯತ್ಯಾಸ. ನಮ್ಮ ದಾರಿಯಲ್ಲಿ ಎಮ್ಮೆ ಅಡ್ಡ ಬಂದಾಗ ಅದರಿಂದ ಪ್ರಯೋಜನವಿಲ್ಲ.

ವಿದ್ಯುತ್ ಕಾರುಗಳನ್ನು ಗಮನಿಸಿ. ಭಾರವಾದ ಬ್ಯಾಟರಿ ನೆಲಹಾಸಿನ ಕೆಳಗೇ ಇರುವುದರಿಂದ ನೆಲದಂತರವನ್ನು ಕಡಿಮೆ ಮಾಡದೆಯೇ ಗುರುತ್ವ ಕೇಂದ್ರ ಕೆಳಗಿರುತ್ತದೆ. ಅಂಥ ಕಾರನ್ನು ತಗ್ಗಿಸಿದರೆ ನೆಲಕ್ಕೆ ಹತ್ತಿರವಾಗುವುದು ಆ ಬ್ಯಾಟರಿಯೇ. ಜೋರಾದ ಪೆಟ್ಟು ಬಿದ್ದರೆ ಬೆಂಕಿಯ ಅಪಾಯವೂ ಉಂಟು.

ನಷ್ಟ ಎಲ್ಲಿ?

ತಗ್ಗಿಸುವಾಗ ನಾವು ಕಳೆದುಕೊಳ್ಳುವುದು ನೆಲದಂತರವನ್ನು ಮಾತ್ರವಲ್ಲ, ಸ್ಪ್ರಿಂಗಿಗೆ ಕುಗ್ಗಲು ಇರುವ ಜಾಗವನ್ನೂ. ನಿಂತ ಕಾರಿನಲ್ಲಿ ಗಾಲಿ ಮೇಲಕ್ಕೆ ಸರಿಯಲು ಸುಮಾರು 80 ಮಿ.ಮೀ. ಅವಕಾಶವಿದೆ ಎನ್ನೋಣ. ಅದು ಮುಗಿದ ಮೇಲೆ ರಬ್ಬರಿನ ತಡೆ. ಕಾರನ್ನು 60 ಮಿ.ಮೀ. ತಗ್ಗಿಸಿದರೆ ಉಳಿಯುವುದು 20 ಮಿ.ಮೀ.

ಸ್ಪ್ರಿಂಗು ಹೀರಿಕೊಳ್ಳುವ ಶಕ್ತಿ ಅದರ ಕುಗ್ಗುವಿಕೆಯ ವರ್ಗಕ್ಕೆ ಅನುಪಾತದಲ್ಲಿದೆ. ಜಾಗ ಅರ್ಧವಾದರೆ ಅದೇ ಪೆಟ್ಟನ್ನು ತಾಳಲು ಸ್ಪ್ರಿಂಗು ನಾಲ್ಕು ಪಟ್ಟು ಬಿಗಿಯಾಗಿರಬೇಕು; ಕಾಲು ಭಾಗವಾದರೆ ಹದಿನಾರು ಪಟ್ಟು. ಗ್ಯಾರೇಜಿನಲ್ಲಿ ಆರು ಸುತ್ತಿನ ಸ್ಪ್ರಿಂಗಿನಿಂದ ಒಂದು ಸುತ್ತನ್ನು ಕತ್ತರಿಸಿದರೆ ಬಿಗಿತ ಹೆಚ್ಚುವುದು ಶೇಕಡ 20 ಮಾತ್ರ. ಕೆಲವರು ಸ್ಪ್ರಿಂಗನ್ನು ಗ್ಯಾಸಿನ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಕುಗ್ಗಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಕಾರ್ಖಾನೆಯಲ್ಲಿ ಹದವಿಟ್ಟು ಉಕ್ಕಿಗೆ ಕೊಟ್ಟ ಗುಣ ಆ ಜ್ವಾಲೆಯಲ್ಲಿ ಹೋಗಿಬಿಡುತ್ತದೆ.

ಈಗ ಆ ಕಾರಿಗೆ 300 ಕಿ.ಗ್ರಾಂ. ಹೊರೆ ಹೇರಿ. ಶೇಕಡ 20ರಷ್ಟು ಬಿಗಿಯಾದ ಸ್ಪ್ರಿಂಗು 37 ಮಿ.ಮೀ. ಕುಗ್ಗಬೇಕು, ಇರುವ ಜಾಗ 20 ಮಿ.ಮೀ. ಅಂದರೆ ಸಂಸಾರ ಹತ್ತಿ ಕುಳಿತಾಗಲೇ ಕಾರು ರಬ್ಬರಿನ ತಡೆಯ ಮೇಲೆ ಕುಳಿತಿರುತ್ತದೆ. ಮುಂದಿನ ಪ್ರತಿಯೊಂದು ಹೊಂಡದ ಪೆಟ್ಟೂ ನೇರವಾಗಿ ಕಾರಿನ ಒಡಲಿಗೆ, ಅಲ್ಲಿಂದ ಕುಳಿತವರ ಬೆನ್ನಿಗೆ ಹೋಗುತ್ತದೆ. ಗಾಲಿ ನೆಲವನ್ನು ಹಿಡಿಯದೆ ಪುಟಿಯುವುದರಿಂದ ಬ್ರೇಕಿನ ಪರಿಣಾಮವೂ ಕುಂದುತ್ತದೆ.

ಈ ಕಾರಿನ ನೆಲದಂತರ ಖಾಲಿಯಿದ್ದಾಗ 110, ಹೊರೆಯಿದ್ದಾಗ ಸುಮಾರು 90 ಮಿ.ಮೀ. ಈಗ ತೀರ್ಪಿನ ಕೋಷ್ಟಕ ಹೀಗಾಯಿತು:

3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಉಬ್ಬು (ಬೇಕಾದದ್ದು 42 ಮಿ.ಮೀ.): ಎರಡೂ ಕಾರುಗಳು ನಿಧಾನವಾಗಿ ದಾಟುತ್ತವೆ.

1.5 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಉಬ್ಬು (ಬೇಕಾದದ್ದು 100 ಮಿ.ಮೀ.): ಮೂಲ ಕಾರು ದಾಟುತ್ತದೆ, ತಗ್ಗಿಸಿದ್ದು ಉಜ್ಜುತ್ತದೆ.

1 ಮೀಟರ್ ಅಗಲ, 20 ಸೆಂ.ಮೀ. ಎತ್ತರದ ಉಬ್ಬು (ಬೇಕಾದದ್ದು 200 ಮಿ.ಮೀ.): ಎರಡೂ ಉಜ್ಜುತ್ತವೆ.

ಮೊದಲನೆಯದರಲ್ಲಿ ಯಾರ ತಪ್ಪೂ ಇಲ್ಲ. ಮೂರನೆಯದು ರಸ್ತೆಯ ತಪ್ಪು. ನಡುವಿನದರಲ್ಲಿ ಪಾಲು ಇಬ್ಬರದೂ ಇದೆ.

ಒಕ್ಕಣೆಯ ಬೆಂಕಿ

ನಮ್ಮ ಭಾಗದಲ್ಲಿ ನೆಲದಂತರಕ್ಕೆ ಇನ್ನೊಂದು ಪರೀಕ್ಷೆಯಿದೆ. ವಿದೇಶದ ಯಾವ ಕೈಪಿಡಿಯಲ್ಲೂ ಅದು ಸಿಗಲಾರದು. ಸುಗ್ಗಿಯ ಕಾಲದಲ್ಲಿ ಹುರುಳಿ, ರಾಗಿ, ಜೋಳದ ಒಕ್ಕಣೆ ರಸ್ತೆಯ ಮೇಲೆ ನಡೆಯುತ್ತದೆ. ಕಣ ಮಾಡುವ ಜಾಗವಿಲ್ಲ, ಕೂಲಿಯಾಳು ಸಿಗುವುದಿಲ್ಲ. ಹೋಗಿ ಬರುವ ವಾಹನಗಳೇ ರೋಣಗಲ್ಲು. ಒಣಗಿದ ಹುರುಳಿ ಗಿಡದ ಬಳ್ಳಿ ಸುತ್ತುವ ಆಕ್ಸಲ್ಲಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಅಲ್ಲಿಯೇ ಹತ್ತಿರದಲ್ಲಿ ಹೊಗೆ ಕೊಳವೆ ಮತ್ತು ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತವೆ. ಕನ್ವರ್ಟರಿನ ಒಳಗೆ ಉಷ್ಣತೆ 400 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಒಣ ಹುಲ್ಲಿಗೆ ಬೆಂಕಿ ಹಿಡಿಯಲು ಸುಮಾರು 250 ಡಿಗ್ರಿ ಸಾಕು. ಒಕ್ಕಣೆಯ ಮೇಲೆ ಹೋದ ಕಾರು ಸುಟ್ಟು ಹೋದ ಸುದ್ದಿಯನ್ನು ನೀವೂ ಓದಿರುತ್ತೀರಿ.

170 ಮಿ.ಮೀ. ಅಂತರದ ಕಾರಿನ ಕೆಳಗೆ ತೆಳುವಾದ ಹರವು ಹಾಗೇ ಉಳಿಯಬಹುದು. 90 ಮಿ.ಮೀ. ಇದ್ದರೆ ಅದೇ ಹರವು ಕೊಳವೆಗೆ ಒತ್ತಿಕೊಂಡೇ ಸಾಗುತ್ತದೆ. ಯಾವುದೇ ಕಾರಿರಲಿ, ಒಕ್ಕಣೆಯ ಮೇಲೆ ಹೋಗಬೇಕಾಗಿ ಬಂದರೆ ದಾಟಿದ ಕೂಡಲೇ ಎಂಜಿನ್ ಆರಿಸಿ, ಕೆಳಗಿಳಿದು ನೋಡಿ. ಹುಲ್ಲಿನ ಮೇಲೆಯೇ ಕಾರು ನಿಲ್ಲಿಸುವುದು ಮಾತ್ರ ಬೇಡ.

ಕಾನೂನು ಏನು ಹೇಳುತ್ತದೆ?

ಜಪಾನಿನಲ್ಲಿ ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಯಿದೆ. ಸಾಧಾರಣ ಕಾರಿನ ನೆಲದಂತರ 9 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅಲ್ಲಿ ತೇರ್ಗಡೆಯಿಲ್ಲ. ನಮ್ಮ ದಾರಿ ಬೇರೆ. ನಮ್ಮಲ್ಲಿ ಹೊಸ ಮಾದರಿಯ ವಾಹನ ಮಾರುಕಟ್ಟೆಗೆ ಬರುವ ಮೊದಲೇ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಅಧಿಕೃತ ಪರೀಕ್ಷಾ ಸಂಸ್ಥೆ ಅದನ್ನು ಪರೀಕ್ಷಿಸಿ ಒಪ್ಪಿಗೆ ಕೊಡುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಆಗಬಹುದು.

ಆದರೆ ತಪಾಸಣೆ ಯಾವಾಗ? ಹಳದಿ ಫಲಕದ ಬಾಡಿಗೆ ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು. ಬಿಳಿ ಫಲಕದ ಖಾಸಗಿ ಕಾರಿನ ನೋಂದಣಿ 15 ವರ್ಷ ನಡೆಯುತ್ತದೆ. ಅನಂತರವೇ ಐದೈದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ನವೀಕರಣ. ಕೆಎ-10 ಫಲಕ ಬಿದ್ದ ಮರುದಿನವೇ ತಗ್ಗಿಸಿದ ಕಾರನ್ನು ರಸ್ತೆಯಲ್ಲಿ ಯಾರೂ ತಡೆಯದಿದ್ದರೆ 15 ವರ್ಷ ಯಾವ ತಪಾಸಕರೂ ಅಳತೆಪಟ್ಟಿ ಹಿಡಿದು ನೋಡುವುದಿಲ್ಲ. ರಸ್ತೆಯ ಉಬ್ಬಿಗಂತೂ ಎಫ್.ಸಿ.ಯೇ ಇಲ್ಲ. ಹೀಗಾಗಿ ಅಳೆಯುವ ಹೊಣೆ ನಮ್ಮ ಮೇಲೆಯೇ ಬರುತ್ತದೆ.

ನೀವೇ ಅಳೆಯಿರಿ

ಮೊದಲನೆಯ ಪ್ರಯೋಗ: ಸಮನೆಲದ ಮೇಲೆ ಖಾಲಿ ಕಾರು ನಿಲ್ಲಿಸಿ. ಪ್ರತಿ ಗಾಲಿಯ ಮೇಲಿನ ಮಡ್‌ಗಾರ್ಡಿನ ಅಂಚಿಗೂ ನೆಲಕ್ಕೂ ಇರುವ ಎತ್ತರ ಅಳೆಯಿರಿ. ನಾಲ್ವರು ಒಳಗೆ ಕುಳಿತ ಮೇಲೆ ಮತ್ತೆ ಅಳೆಯಿರಿ. ಎಷ್ಟು ಇಳಿಯಿತೆಂಬುದರ ಸರಾಸರಿಯಿಂದ ನಿಮ್ಮ ಕಾರಿನ ಸ್ಪ್ರಿಂಗುಗಳ ಬಿಗಿತ ಸಿಗುತ್ತದೆ. ನಾಲ್ವರ ಒಟ್ಟು ತೂಕ 240 ಕಿ.ಗ್ರಾಂ. ಆಗಿದ್ದು ಕಾರು 35 ಮಿ.ಮೀ. ಇಳಿದರೆ ಅದು ನಮ್ಮ ಲೆಕ್ಕದ ಕಾರಿನಂಥದೇ.

ಎರಡನೆಯದು: ನಿಮ್ಮ ಊರಿನ ಒಂದು ಉಬ್ಬಿಗೆ, ವಾಹನ ಸಂಚಾರ ಇಲ್ಲದ ಹೊತ್ತಿನಲ್ಲಿ, ಹಿರಿಯರೊಬ್ಬರನ್ನು ಕಾವಲಿಗಿಟ್ಟುಕೊಂಡು ಹೋಗಿ. ಗಾರೆ ಕೆಲಸದವರ ನೀರಿನ ಮಟ್ಟದ ಕೊಳವೆ ಮತ್ತು ಒಂದು ಟೇಪು ಸಾಕು. ಅಗಲ, ಎತ್ತರ ಅಳೆದು, ಅಗಲದ ವರ್ಗವನ್ನು ಎತ್ತರದ ಎಂಟರಷ್ಟರಿಂದ ಭಾಗಿಸಿ. ಸ್ಥೂಲವಾಗಿ ತ್ರಿಜ್ಯ ಸಿಗುತ್ತದೆ. 17ರ ಹತ್ತಿರ ಬಂದರೆ ಉಬ್ಬು ಸರಿಯಾಗಿದೆ. 1 ಅಥವಾ 2 ಬಂದರೆ ಆ ಲೆಕ್ಕವನ್ನೇ ಒಂದು ಹಾಳೆಯಲ್ಲಿ ಬರೆದು ಗ್ರಾಮ ಪಂಚಾಯಿತಿಗೋ ಪುರಸಭೆಗೋ ಲೋಕೋಪಯೋಗಿ ಇಲಾಖೆಗೋ ಕೊಡಿ. ಎಚ್ಚರಿಕೆ ಫಲಕ 40 ಮೀಟರ್ ಮುಂಚೆ ಇರಬೇಕು, ಉಬ್ಬಿಗೆ ಕಪ್ಪು ಬಿಳುಪು ಪಟ್ಟೆ ಬಳಿದಿರಬೇಕು ಎಂಬುದನ್ನೂ ಸೇರಿಸಿ.

ಕೊನೆಯದಾಗಿ ಕಾರು ಓಡಿಸುವವರಿಗೆ ಒಂದು ಮಾತು. ಬ್ರೇಕು ಒತ್ತಿದಾಗ ಕಾರಿನ ಮೂತಿ ಕುಸಿಯುತ್ತದೆ. ಆದ್ದರಿಂದ ಉಬ್ಬಿಗೆ ಮೊದಲೇ ವೇಗ ತಗ್ಗಿಸಿ, ಗಾಲಿ ಏರುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆಯಿರಿ. ಕೆಲವು ಸೆಂಟಿಮೀಟರ್ ಉಳಿಯಬಹುದು. ವೇಗವನ್ನು ತಗ್ಗಿಸಿದರೆ ಕಾರನ್ನು ತಗ್ಗಿಸಿದವರಿಗಿಂತ ಹೆಚ್ಚು ಭದ್ರವಾಗಿ ಊರು ಸೇರುತ್ತೀರಿ.